ಕೆಮಿಸ್ಟ್ರಿ ಬಿಡದ ಸೊಸೆ

ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ತೊಡೆಯ ಮೇಲೆ ದಪ್ಪದೊಂದು ಕೆಮಿಸ್ಟ್ರಿ ಪುಸ್ತಕವಿತ್ತು.

“ಒಟ್ಟಿಗೆ ಐದು ವಿಷಯ ಬೇಕಾ? ನಿನ್ನೆ ಲ್ಯಾಬಲ್ಲೇ ತೂಕಡಿಸಿದೆಯಂತೆ. ಕೆಮಿಸ್ಟ್ರಿ ಬಿಟ್ಬಿಡೇ.”

“ಅದು ಬಿಟ್ರೆ ಈ ವರ್ಷ ನರ್ಸಿಂಗ್‌ಗೆ ಸೇರಿಸ್ಕೊಳ್ಳಲ್ಲ, ಅತ್ತೆ.”

“ಮುಂದಿನ ವರ್ಷ ಸೇರು.”

“ಮಾವ ಆಸ್ಪತ್ರೇಲಿದ್ದಾಗ ಆ ನರ್ಸ್ ನೋಡಿ ತೀರ್ಮಾನ ಮಾಡಿದ್ದು. ಇನ್ನು ಮುಂದಕ್ಕೆ ಹಾಕಲ್ಲ.”

ಅತ್ತೆ ಸೊಸೆಯ ಕಡೆ ತಿರುಗಿದರು.

“ನಗಿಸ್ತಾ ನಗಿಸ್ತಾನೇ ಅವರ ಗಡ್ಡ ಬೋಳಿಸ್ತಿದ್ಲು, ಪುಣ್ಯಾತ್ಗಿತ್ತಿ.”

“ಹ್ಞೂಂ.”

“ಕೊಡೇ ಇಲ್ಲಿ ಪುಸ್ತಕ. ನಾನು ಕೇಳ್ತೀನಿ, ನೀನು ಹೇಳು.”

“ನಿಮಗೆ ಅರ್ಥ ಆಗತ್ತಾ?”

“ಅರ್ಥ ಆಗ್ಬೇಕಾದ್ದು ನಿಂಗೆ. ನಂಗೆ ಓದಕ್ಕೆ ಬಂದ್ರೆ ಸಾಕು.”

ಬಸ್ ಬಂತು. ಅತ್ತೆ ಮೆಟ್ಟಿಲು ಹತ್ತುತ್ತಲೇ ಮೊದಲ ಪ್ರಶ್ನೆ ಕೇಳಿದರು. ಬಸ್ ಹೊರಡುವಾಗ ಒಳಗಿನಿಂದ ಸೊಸೆಯ ಗಟ್ಟಿ ಉತ್ತರ ಕೇಳಿಸಿತು.