ಅಕ್ಕನ ಕ್ಯಾಸೆಟ್ಟು

ಕತ್ತಲಲ್ಲೂ ಕಣ್ಣು ಮುಚ್ಚದೆ ನಮ್ಮನ್ನು ಕಾಯುವ ಭಗವಂತನಿಗೆ ಕೈಮುಗಿದು ಹೇಳುತ್ತೇನೆ. ಇದು ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು. ರೇಡಿಯೋ ರಿಪೇರಿಯವನು.

ಅವತ್ತು ಅಂಗಡಿ ಮುಚ್ಚಿ, ಹಾಳು ಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಬರುತ್ತಿದ್ದ. ಜೇಬಿನಲ್ಲಿ, ತೀರಿಹೋದ ಅಕ್ಕನ ಕ್ಯಾಸೆಟ್ಟು. ಟಿವಿಗೆ ಸಿಕ್ಕಿಸುವ ಹಳೇ ಕಂಪ್ಯೂಟರಿಗೆಂದು ಅಕ್ಕ ತಾನೇ ಒಂದು ಭಾಷೆ ಕಟ್ಟಿ, ಈ ಕ್ಯಾಸೆಟ್ಟಿನಲ್ಲಿ ತುಂಬಿಟ್ಟಿದ್ದಳು. ಅದರಲ್ಲಿ ಬರೆದು ಹೇಳಿದರೆ ಆ ಪೆಟ್ಟಿಗೆ ಹಾಡು ನುಡಿಸುತ್ತಿತ್ತು. ಅವಳ ಜೊತೆ ಅದೂ ಸತ್ತಿತ್ತು. ಇವನು ತಿಂಗಳುಗಟ್ಟಲೆ ಒದ್ದಾಡಿ ಪೆಟ್ಟಿಗೆಗೂ ಭಾಷೆಗೂ ಜೀವ ತುಂಬಿದ್ದ. ಬೆಳಗಾದರೆ ಹಳೇ ಯಂತ್ರಗಳ ಪ್ರದರ್ಶನದಲ್ಲಿ ಅದನ್ನು ತೋರಿಸುವುದಿತ್ತು.

ತನ್ನದರ ಮೇಲೆ ಯಾರೂ ರೆಕಾರ್ಡ್ ಮಾಡಬಾರದು ಅಂತ ಅಕ್ಕ ಕ್ಯಾಸೆಟ್ಟಿನ ಅಂಚಿನ ಚೂರು ಮುರಿದಿದ್ದಳು. ಇವನು ಆ ತೂತಿಗೆ ಗಮ್‌ಟೇಪು ಅಂಟಿಸಿ, ಪರದೆಯಲ್ಲಿ ಮೂಡುವ ಮೊದಲ ಸಾಲಿನಲ್ಲಿದ್ದ ಅವಳ ಹೆಸರು ಅಳಿಸಿ, ತನ್ನ ಹೆಸರು ತುಂಬಿಬಿಟ್ಟಿದ್ದ.

ಬಾವಿಯೊಳಗಿಂದ ಸದ್ದು... ಕೀಂ... ಚರ್‌ರ್... ಕೀಂ... ಕ್ಯಾಸೆಟ್ಟು ಕಂಪ್ಯೂಟರಿಗೆ ಏರುವಾಗಿನ ಅದೇ ಕೀರಲು. ಓಟ ಕಿತ್ತ.

ಬಾಗಿಲು ತೆಗೆದ ಅಮ್ಮ ಪಿಸುಗುಟ್ಟಿದಳು. "ಯಾಕೋ ಹೀಗೆ ಬೆವೆತಿದ್ದೀಯ? ನಾಳೆ ಅಕ್ಕನ ಹೆಸರು ಬರತ್ತೆ ತಾನೆ?"

"ಬರತ್ತಮ್ಮ. ಮಲಗು ನೀನು."

"ಮರೆತುಗಿರೆತು ಬಿಟ್ಟೀಯ! ತನ್ನ ಪೆನ್ಸಿಲ್ ಕದ್ದಿದ್ದಕ್ಕೇ ನಿನ್ನ ಕಿವಿ ಹಿಂಡಿದ್ದಳು."

ಕೋಣೆಯಲ್ಲಿ ಟಿವಿ ಬೆಳಗುತ್ತಿತ್ತು. ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಟಕ್... ಟಕ್... ಕಂಪ್ಯೂಟರಿನ ಕೀಲಿಗಳು ತಾವಾಗಿಯೇ ಒತ್ತಿಕೊಂಡವು. ಪರದೆಯ ಮೇಲೆ ಅಕ್ಷರ ಮೂಡಿತು.

"ಕಟ್ಟಿದ್ದು ಯಾರು?"

"ಅಕ್ಕಾ... ಈಗ ಜೀವ ಕೊಟ್ಟವನು ನಾನಲ್ವಾ?"

ಟಕ್... ಟಕ್... "ಕಟ್ಟಿದ್ದು ಯಾರು?"

ನೋಡಿ, ತಿದ್ದಿಕೊಳ್ಳಲಿ ಅಂತ ದೇವರು ಇನ್ನೊಂದು ಸಲ ಅವಕಾಶ ಕೊಟ್ಟ. ಆದರೂ ಆ ಪಾಪಿ ಬಾಯಿ, "ನಾನೇ" ಅಂದಿತು.

"ಸರಿ. ಹಾಗಾದರೆ ನಿನ್ನದೊಂದು ನನಗೆ."

ಬೆಳಿಗ್ಗೆ ಅಮ್ಮ ಬಂದು ನೋಡುತ್ತಾಳೆ... ಪರದೆಯ ತುಂಬ ಅಕ್ಕನ ಹೆಸರು. ಕ್ಯಾಸೆಟ್ಟಿನ ತೂತು ಬಾಯಿ ತೆರೆದುಕೊಂಡಿದೆ. ಅದಕ್ಕೆ ಅಂಟಿಸಿದ್ದ ಗಮ್‌ಟೇಪು, ಮಗನ ತುಟಿಗಳ ಮೇಲೆ.

ಬಿಡಿಸಿದರು. ಈಗ ಎದುರಿಗೆ ಕೂತರೆ ಚೆನ್ನಾಗೇ ಮಾತಾಡುತ್ತಾನೆ. ಫೋನಿನಲ್ಲಿ ಮಾತ್ರ ಅವನ ದನಿ ಬರುವುದಿಲ್ಲ. ಯಾರೋ ಹೇಳಿದ್ದಲ್ಲ, ದೇವರಾಣೆ, ಮೊನ್ನೆ ನನಗೇ ಫೋನ್ ಮಾಡಿದ್ದ. ಕಿವಿಗಿಟ್ಟುಕೊಂಡೆ... ಕೀಂ... ಚರ್‌ರ್... ಕೀಂ...

ಕೇಳಿದ ನಿಮ್ಮೆಲ್ಲರ ದನಿಯನ್ನೂ ಸ್ವಾಮಿ ಕಾಪಾಡಲಿ.