ಹೂಂ ಅಂದಲ್ಲೆಲ್ಲ ಗೀಟು

ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡ ಇಬ್ಬರು ವಯಸ್ಸಾದ ಹೆಂಗಸರು ಕಣ್ಣು ಮುಚ್ಚಿ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲೇ ನರ್ಸು ನಿಂತಿದ್ದು ಅವರಿಗೆ ಗೊತ್ತಿರಲಿಲ್ಲ. ಅವಳ ಜೇಬಿನಲ್ಲಿ ಭಾವ ಕೊಟ್ಟ ಪಾಲಿಸಿಯ ಫಾರಂ ಇತ್ತು. ಸಂಜೆಯೊಳಗೆ ಸಹಿ ಹಾಕಬೇಕಿತ್ತು.

“ನಿಮ್ಮ ಸೊಸೆ ಪೇಪರಲ್ಲಿ ದುಡ್ಡುಕಾಸಿನ ವಿಷಯ ಬರೀತಾಳಲ್ಲ, ನನ್ನಂಥ ದಡ್ಡಿಗೂ ತಿಳಿಯತ್ತೆ ಕಣ್ರೀ.”

“ತಿಳೀದೆ ಏನು? ಮೊದಲು ನನಗೆ ಓದಿ ಹೇಳ್ತಾಳೆ. ನಾನು ಓದಿದ್ದು ನಾಲ್ಕನೇ ಕ್ಲಾಸು.”

“ನೀವೇನಂತೀರಿ?”

“ತಿಳಿದ ಕಡೆ ಜಗಳ ತೆಗೀತೀನಿ. ತಿಳಿಯದ ಕಡೆ ಸುಮ್ಮನೆ ಹೂಂ ಅಂತೀನಿ. ಹೂಂ ಅಂದಲ್ಲೆಲ್ಲ ಗೀಟು ಎಳೆದು ಮತ್ತೆ ಬರೀತಾಳೆ.”

“ಅತ್ತೆ ಹೂಂ ಅಂದ್ರೆ ಸಾಕಪ್ಪಾ ಅಂತ ಕಾಯೋ ಸೊಸೇರನ್ನ ನೋಡಿದೀನಿ.”

“ಇವಳಿಗೆ ನನ್ನ ಹೂಂ ಕೇಳಿದ್ರೆ ಆಗಲ್ಲ. ಮೊನ್ನೆ ಯಾವುದೋ ಹೊಸ ಪಾಲಿಸಿ ಬಗ್ಗೆ ನಾಲ್ಕು ಸಲ ತಿದ್ದಿ ಓದಿದಳು. ನಾಲ್ಕು ಸಲವೂ ಹೂಂ ಅಂದೆ. ಕೊನೆಗೆ ಆ ಕಂಪನಿಯವನನ್ನೇ ಮನೆಗೆ ಕರೆಸಿ, ನಮ್ಮತ್ತೆಗೆ ತಿಳಿಸಿ ಹೇಳಿ ಅಂದಳು.”

“ಹೇಳಿದನಾ?”

“ಬೆವರು ಒರೆಸ್ಕೊಂಡು ಒಂದು ಗಂಟೆ ಹೇಳಿದ. ನಾನು ಹೂಂ ಅಂತಲೇ ಇದ್ದೆ.”

“ಆಮೇಲೆ?”

“ಅದನ್ನೇ ಬರೆದಳು. ನಮ್ಮತ್ತೆ ಉದ್ದಕ್ಕೂ ಹೂಂ ಅಂದರು, ನೀವೂ ಹಾಗೇ ಅಂದಿದ್ದರೆ ಸಹಿ ಹಾಕಬೇಡಿ ಅಂತ. ಆ ಕಂಪನಿ ಜಾಹೀರಾತು ಕೈಬಿಟ್ಟು ಹೋಯ್ತು ಅಂತ ಎಡಿಟರು ಮುಖ ಊದಿಸ್ಕೊಂಡಿದಾರಂತೆ.”

“ಗಟ್ಟಿಗಿತ್ತಿ ಬಿಡಿ.”

ಒಳಗಿಂದ ಡಾಕ್ಟರು ಕರೆದರು. ನರ್ಸು ಇಬ್ಬರ ಕೈ ಹಿಡಿದು ಬಾಗಿಲವರೆಗೂ ಬಿಟ್ಟು ಬಂದಳು. ನಿನ್ನೆ ಭಾವ ಒಂದು ಗಂಟೆ ಪಾಲಿಸಿ ವಿವರಿಸಿದಾಗ ತಾನು ಏನೇನು ಅಂದಿದ್ದೆ ಅಂತ ನೆನಪಿಸಿಕೊಳ್ಳಲು ನೋಡಿದಳು. ಹೂಂ ಬಿಟ್ಟು ಬೇರೇನೂ ನೆನಪಿಗೆ ಬರಲಿಲ್ಲ.