ಬಿಗಿದು ಕಟ್ಟಿದ ಬೈರಾಸು

ಶಂಕರಪುರದ ಪ್ರಫುಲ್ಲಾ ಬೆಳಿಗ್ಗೆ ಮಲ್ಲಿಗೆ ಮೊಗ್ಗು ಕೊಯ್ಯುತ್ತಿದ್ದಾಗ ಬೇಲಿಯಾಚೆ ಟ್ರ್ಯಾಕ್ಟರ್ ಗುಡುಗಿತು. ಅವಳು ಬೇಲಿಯ ಮೇಲಿಂದ ಇಣುಕಿದಳು. ಲುಂಗಿಯ ಮೇಲೆ ಸೊಂಟಕ್ಕೆ ಟವೆಲು ಸುತ್ತಿದ್ದ ನೆರೆಮನೆಯ ಭೋಜಣ್ಣ ಟ್ರ್ಯಾಕ್ಟರಿಗೆ ಕಟ್ಟಿಗೆ ಸೀಳುವ ಸ್ಕ್ರೂ ಜೋಡಿಸಿದ್ದರು. ಅದರ ಕಬ್ಬಿಣದ ಮೊನೆ ಗಿರಗಿರ ತಿರುಗುತ್ತಿತ್ತು. ಮಗಳನ್ನು ಶಾಲೆಗೆ ಹೊರಡಿಸಿದ್ದ ಅವರ ಹೆಂಡತಿ ಜಲಜ ಅಂಗಳದಲ್ಲೇ ನಿಂತುಬಿಟ್ಟಿದ್ದಳು.

"ಲುಂಗಿಯಲ್ಲಿ ಇದರ ಹತ್ತಿರ ಹೋಗುವುದಾ? ಪ್ಯಾಂಟ್ ಹಾಕಿ ಬನ್ನಿ."

"ಹಾರದ ಹಾಗೆ ಲುಂಗಿಯ ಮೇಲೆ ಬೈರಾಸು ಬಿಗಿದು ಕಟ್ಟಿದ್ದೇನೆ, ನೋಡು."

"ಅದೇ ನನಗೆ ಹೆದರಿಕೆ. ಸಡಿಲ ಇದ್ದರೆ ಸ್ಕ್ರೂಗೆ ಸಿಕ್ಕಿದ ಲುಂಗಿಯಾದರೂ ಕಳಚಿ ಹೋದೀತು. ಹೀಗೆ ಕಟ್ಟಿದರೆ ಲುಂಗಿಯ ಜೊತೆ ನೀವೂ ಹೋಗುತ್ತೀರಿ."

"ಗ್ಯಾಸ್ ಹಚ್ಚುವಾಗಲೂ ಹೆದರುವವಳು ನೀನು, ಮಾರಾಯ್ತಿ!"

"ಸಹಾಯಕ್ಕೆ ಬರುವ ರಿತೇಶ ಎಲ್ಲಿ? ಟ್ರ್ಯಾಕ್ಟರಿನ ಕೀ ಹತ್ತಿರ ಅವನು ನಿಲ್ಲುತ್ತಾನೆ ಅಂದಿದ್ದಿರಲ್ಲ?"

"ಕಾರ್ಕಳಕ್ಕೆ ಹೋಗಿದ್ದಾನೆ. ಅವನು ಬರುವಷ್ಟರಲ್ಲಿ ನಾಲ್ಕು ತುಂಡು ಸೀಳುತ್ತೇನೆ. ನೀವು ಹೊರಡಿ, ಬಸ್ಸು ಹೋದೀತು."

ಜಲಜ ಮಗಳ ಕೈ ಹಿಡಿದು ಗೇಟಿನವರೆಗೆ ನಡೆದಳು. ಪುಟ್ಟ ಪ್ರಣೀತಾ ಕೈ ಬಿಡಿಸಿಕೊಂಡು ತಿರುಗಿದಳು. ಟ್ರ್ಯಾಕ್ಟರಿನ ಸದ್ದನ್ನೂ ಮೀರಿ ಕೂಗಿದಳು:

"ಪಪ್ಪಾ, ಸ್ಕ್ರೂ ನಿಮ್ಮನ್ನು ಎಳೆದರೆ ಕೀ ಆಫ್ ಮಾಡುವುದು ಯಾರು?"